ಹೆಣ್ಣು ನೋಡುವ ಊಟಕ್ಕೆ ನಾನು ಕೂರಿಸಿದ ಯಂತ್ರ

ರಾಯಚೂರು ಜಿಲ್ಲೆಯ ಸಮಸ್ತ ಖಾನಾವಳಿಗಳನ್ನು ಉದ್ಧಾರ ಮಾಡುವ ಹೊಣೆ ನನ್ನ ಹೆಗಲ ಮೇಲಿದೆ ಎಂದು ನನಗೆ ಆಗ ಖಚಿತವಾಗಿತ್ತು. ಯಾರೂ ಹೊರಿಸಿರಲಿಲ್ಲ. ನಾನೇ ಬಗ್ಗಿ ಹೊತ್ತುಕೊಂಡಿದ್ದೆ!

ಗೆಳೆಯನೊಬ್ಬನ ಜೊತೆ ಸೇರಿ ರಾಯಚೂರಿನಲ್ಲಿ ಒಂದು ಸ್ಟಾರ್ಟಪ್ ಶುರು ಮಾಡಿದ್ದೆ. ಊಟದ ಟೇಬಲ್ಲಿಗೇ ಒಂದು ಯಂತ್ರ ಕೂರಿಸುವುದು ನಮ್ಮ ಕೆಲಸ. ಗಿರಾಕಿ ಅದರ ಪರದೆ ಮುಟ್ಟಿ ಬೇಕಾದ್ದನ್ನು ತರಿಸಿಕೊಳ್ಳಬೇಕು, ಅದರಲ್ಲೇ ದುಡ್ಡು ಕಟ್ಟಬೇಕು. ಯಂತ್ರ ಮಾತನ್ನೂ ಆಡುತ್ತಿತ್ತು. ದನಿ ನನ್ನದೇ. "ಮಾನ್ಯ ಗ್ರಾಹಕರೇ" ಎಂದು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಮುದ್ರಿಸಿದ್ದೆ. ಎಲ್ಲ ಸಿದ್ಧವಾಗಿತ್ತು, ಯಂತ್ರ ಕೊಳ್ಳುವವರೊಬ್ಬರನ್ನು ಬಿಟ್ಟು.

ಮಾನ್ವಿಯಲ್ಲಿ ನನ್ನ ಹೆಂಡತಿ ಶಾರದಾಳ ಚಿಗವ್ವ, ಅಂದರೆ ಅವಳ ತಾಯಿಯ ತಂಗಿ, ಒಂದು ಖಾನಾವಳಿ ನಡೆಸುತ್ತಾರೆ. ನನ್ನ ಕಾಟ ತಾಳದೆ ಒಂದು ಯಂತ್ರ ಇಡಲು ಒಪ್ಪಿದ್ದರು.

"ಮುಂದಿನ ವಾರ ಹಚ್ಚೂಣು ತಗೋರಿ ಅಳಿಯಾರ" ಎಂದು ಫೋನಿನಲ್ಲಿ ಹೇಳಿದರು. "ನಾಳಿ ನಮ್ಮ ಸವಿತಾನ್ನ ನೋಡಾಕ ದೇವದುರ್ಗದಿಂದ ಬರಾಕತ್ತಾರ. ಊಟ ಇಲ್ಲೇ ಅದ."

ಸವಿತಾ ಅವರ ಒಬ್ಬಳೇ ಮಗಳು. ಹುಡುಗನ ತಂದೆ ಶರಣಪ್ಪನವರಿಗೆ ಅಕ್ಕಿ ಗಿರಣಿ ಇದೆ, ಹೊಸ ವ್ಯಾಪಾರ ಕಂಡರೆ ಬಂಡವಾಳ ಹಾಕುತ್ತಾರೆ ಎಂದು ಕೇಳಿದ್ದೆ. ಒಂದೇ ಊಟಕ್ಕೆ ಎರಡು ಸಂಬಂಧ! ಮುಂದಿನ ವಾರದವರೆಗೆ ಕಾಯುವುದು ನನ್ನಿಂದ ಆಗುವ ಮಾತೇ?

"ಬ್ಯಾಡ್ರಿ" ಎಂದಳು ಶಾರದಾ.

"ನಿನಗ ತಿಳಿಯಂಗಿಲ್ಲ, ಸುಮ್ಮಿರು" ಎಂದೆ. ಅವಳು ಸುಮ್ಮನಾದಳು. ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಬೆಳಿಗ್ಗೆಯೇ ಶಾರದಾಳನ್ನೂ ಕರೆದುಕೊಂಡು ಮಾನ್ವಿಗೆ ಹೋಗಿ, ಬೀಗರು ಕೂರಬೇಕಾದ ಟೇಬಲ್ಲಿಗೆ ಯಂತ್ರವನ್ನು ಸ್ಕ್ರೂ ಹಾಕಿ ಬಿಗಿದೆ. ಯಾರೂ ಕದಿಯಬಾರದಲ್ಲ! ಗಿರಾಕಿಗಳು ಆಫ್ ಮಾಡಿಬಿಟ್ಟಾರೆಂದು ಅದಕ್ಕೊಂದು ಪಾಸ್‌ವರ್ಡ್ ಇಟ್ಟೆ. ದುಡ್ಡು ಕೇಳದಿರಲೆಂದು 'ಅತಿಥಿ' ಎಂಬ ಗುಂಡಿ ಒತ್ತಿದೆ. ಆಮೇಲೆ ಬಾಗಿಲಿಗೂ ಟೇಬಲ್ಲಿಗೂ ಓಡಾಡತೊಡಗಿದೆ. ಒರೆಸಿದ್ದನ್ನೇ ಒರೆಸಿದೆ. ಚಿಗವ್ವ ನೋಡಿ ನೋಡಿ, "ಕುಂದರ್ರಿ ಅಳಿಯಾರ, ವರ ನೀವಲ್ಲ" ಎಂದರು.

ಬೀಗರು ಬಂದರು. ಶರಣಪ್ಪನವರು, ಅವರ ಹೆಂಡತಿ, ನೆಲ ನೋಡುತ್ತಾ ವರ ವೀರೇಶ. ಎಲೆ ಹಾಕಿದ್ದಾಯಿತು. ರೊಟ್ಟಿ, ಎಣ್ಣೆಗಾಯಿ ಬಂದವು. ನಾನು ಶರಣಪ್ಪನವರ ಬೆನ್ನಿಗೆ ನಿಂತು, "ಇನ್ನೊಂದು ರೊಟ್ಟಿ ಬೇಕಂದ್ರ ಇಲ್ಲಿ ಮುಟ್ರಿ ಯಜಮಾನ್ರ, ಯಾರನ್ನೂ ಕರಿಯೂದ ಬ್ಯಾಡ" ಎಂದೆ.

ಅವರು ಉಣ್ಣುವ ಕೈಯಿಂದಲೇ ಮುಟ್ಟಿದರು. ಪಾಪ, ಎಣ್ಣೆಗಾಯಿಯ ಕೈ. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಹೆಬ್ಬೆರಳಿನಿಂದ ತಿಕ್ಕಿದರು. ಅಷ್ಟರಲ್ಲಿ ಯಂತ್ರಕ್ಕೆಂದು ಅಡುಗೆಮನೆಯಲ್ಲಿ ನಾನು ಜೋಡಿಸಿದ್ದ ಗಂಟೆ ಹೊಡೆದುಕೊಳ್ಳತೊಡಗಿತು. ನಿಲ್ಲಲೇ ಇಲ್ಲ! ಪರದೆಯ ಮೇಲೆ ಎಣ್ಣೆ ಹರಿದಲ್ಲೆಲ್ಲ ರೊಟ್ಟಿ ಬೇಕೆಂದು ಯಂತ್ರ ತಿಳಿದಿತ್ತು. ಚಿಗವ್ವ ಬುಟ್ಟಿಗಟ್ಟಲೆ ರೊಟ್ಟಿ ತಂದು ಶರಣಪ್ಪನವರ ಮುಂದೆ ಪೇರಿಸಿದರು.

"ಇಷ್ಟ್ಯಾಕ್ರಿ ಯವ್ವಾ? ನಾನೇನು ಮನುಷ್ಯಾನೋ ರಾಕ್ಷಸನೋ?" ಎಂದು ಅವರು ರೊಟ್ಟಿಯ ಆಚೆಯಿಂದ ಕೇಳಿದರು.

ನಾನು ಹಾರಿ ಹೋಗಿ ಅಂಗಿಯ ತುದಿಯಿಂದ ಪರದೆ ಒರೆಸಿದೆ. ಒರೆಸುವಾಗ 'ಅತಿಥಿ' ಹೋಗಿ 'ಗ್ರಾಹಕ' ಆಯಿತು. ನನಗದು ಕಾಣಲಿಲ್ಲ. ಯಂತ್ರಕ್ಕೆ ಕಂಡಿತು.

"ಮಾನ್ಯ ಗ್ರಾಹಕರೇ" ಎಂದಿತು ನನ್ನ ದನಿಯಲ್ಲಿ, ಇಡೀ ಖಾನಾವಳಿಗೆ ಕೇಳುವಂತೆ. "ತಾವು ಈಗಾಗಲೇ ಸಾಕಷ್ಟು ಸೇವಿಸಿದ್ದೀರಿ. ದಯವಿಟ್ಟು ಮೊದಲು ಹಣ ಪಾವತಿಸಿ!"

ಅಗಿಯುತ್ತಿದ್ದ ಬಾಯಿಗಳು ನಿಂತವು. ಶರಣಪ್ಪನವರು ಯಂತ್ರವನ್ನು ನೋಡಿದರು. ನನ್ನನ್ನು ನೋಡಿದರು. ದನಿ ಯಾರದೆಂದು ಗೊತ್ತಾಗಿಹೋಯಿತು.

"ನಾವೇನು ಬಿಟ್ಟಿ ಉಣ್ಣಾಕ ಬಂದೀವೇನ್ರಿ?" ಎಂದು ಎದ್ದೇ ನಿಂತರು. ಅವರ ಹೆಂಡತಿಯೂ ಎದ್ದರು. ಚಿಗವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಯಂತ್ರ ಆರಿಸಲು ಹೋದೆ. ಪಾಸ್‌ವರ್ಡ್ ಕೇಳಿತು. ಬೆಳಿಗ್ಗೆ ಇಟ್ಟದ್ದು ನೆನಪಾಗಲಿಲ್ಲ. ಶಾರದಾಳ ಹೆಸರು ಹಾಕಿದೆ, ತಪ್ಪು. ನನ್ನ ಹೆಸರು, ಅದೂ ತಪ್ಪು! ಕಿತ್ತುಕೊಳ್ಳೋಣವೆಂದು ಎಳೆದೆ. ಯಂತ್ರದೊಂದಿಗೆ ಟೇಬಲ್ಲೂ ಬಂತು, ಟೇಬಲ್ಲಿನೊಂದಿಗೆ ಸಾರೂ ಬಂತು. ಕೊನೆಗೆ ಖಾಲಿ ರೊಟ್ಟಿ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ಅದರ ಮೇಲೆ ನಾನೇ ಕವುಚಿ ಬಿದ್ದೆ. ಹೊಟ್ಟೆಯ ಕೆಳಗಿನಿಂದ ನನ್ನದೇ ದನಿ ಕೇಳಿಸಿತು: "ದಯವಿಟ್ಟು ಸಿಬ್ಬಂದಿಯನ್ನು ಕರೆಯಿರಿ!"

ಆಗ ಒಳಗಿನಿಂದ ಸವಿತಾ ಬಂದಳು. ತಲೆ ಬಗ್ಗಿಸಲಿಲ್ಲ, ನಾಚಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ಏಳ್ರಿ ಭಾವಾರ" ಎಂದಳು. ಎದ್ದೆ. ಆಮೇಲೆ ನೆಟ್ಟಗೆ ವರನನ್ನೇ ನೋಡಿ, "ಒಂದು ಕೈ ಹಿಡೀತೀರೇನ್ರಿ?" ಎಂದಳು.

ಅವಳು ಕೇಳಿದ್ದು ಯಂತ್ರ ಹಿಡಿದುಕೊಳ್ಳಲು. ಖಾನಾವಳಿಯಲ್ಲಿದ್ದವರೆಲ್ಲ ಬೇರೆ ಅರ್ಥ ಮಾಡಿಕೊಂಡು ಹೋ ಎಂದು ನಕ್ಕರು. ವೀರೇಶ ಕಿವಿಯವರೆಗೆ ಕೆಂಪಾದ. ಆದರೂ ಬಂದು ಹಿಡಿದ! ಅವಳು ಸ್ಕ್ರೂ ಬಿಚ್ಚಿದಳು. ಏನೋ ಮೆಲ್ಲಗೆ ಕೇಳಿದಳು, ಅವನೇನೋ ಹೇಳಿದ, ಇಬ್ಬರೂ ನಕ್ಕರು. ಸ್ಕ್ರೂ ಮುಗಿದ ಮೇಲೂ ಮಾತು ಮುಗಿಯಲಿಲ್ಲ. ಶರಣಪ್ಪನವರು ಅದನ್ನು ನೋಡುತ್ತಾ ನೋಡುತ್ತಾ ಮೆಲ್ಲಗೆ ಕುಳಿತು ಒಂದು ರೊಟ್ಟಿ ಮುರಿದರು. ಚಿಗವ್ವ ಉಸಿರು ಬಿಟ್ಟರು.

ಸಂಬಂಧ ಕೂಡಿತು. ಹೊರಡುವಾಗ ಶರಣಪ್ಪನವರು ಚಿಗವ್ವನಿಗೆ ಕೈ ಮುಗಿದು, "ನಮ್ದು ಒಂದ ಕರಾರು ಅದ ಯವ್ವಾ. ಲಗ್ನದಾಗ ಯಾವ ಕೆಲಸಕ್ಕೂ ಇವರು ಕೈ ಹಚ್ಚಬಾರದು" ಎಂದು ನನ್ನತ್ತ ಬೆರಳು ತೋರಿಸಿದರು.

ಬಂಡವಾಳದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇಂಥ ಕರಾರು ನಮ್ಮ ಲಗ್ನದಾಗ ನಮ್ಮಪ್ಪಗ ಹೊಳೀಲಿಲ್ಲ ನೋಡ್ರಿ" ಎಂದಳು ಶಾರದಾ.

ಮದುವೆಯ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿದರು. ಕೂರುವುದಷ್ಟೇ ನನ್ನ ಕೆಲಸ. ಕುರ್ಚಿಯ ಕಾಲು ಸ್ವಲ್ಪ ಅಲುಗಾಡುತ್ತಿತ್ತು. ಸರಿಮಾಡೋಣವೆಂದು ಬಗ್ಗಿದೆ. ಮಂಟಪದ ಆ ತುದಿಯಿಂದ ಶಾರದಾ ಕಣ್ಣು ಕೆಕ್ಕರಿಸಿದಳು.

ಮದುವೆ ಮುಗಿಯುವವರೆಗೂ ಅಲುಗಾಡುತ್ತಲೇ ಕುಳಿತಿದ್ದೆ.