ಪರಸ್ಥಾನಕ್ಕಿಟ್ಟ ಚೀಲ

ಬೊಂಬಾಯಿಗೆ ವಿಮಾನದಲ್ಲಿ ಮೂರೂವರೆ ಗಂಟೆ ಸಾಕು ಎಂಬುದನ್ನು ಚಕ್ರಪಾಣಿ ಹೆಂಡತಿಯ ಕಿವಿಯಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ರಾಜಾಜಿನಗರದ ತನ್ನ ಮನೆಯ ಜಗಲಿಯ ಮೇಲೆ ನಿಂತು ಹೇಳಿದ. ಪಕ್ಕದ ಮನೆಯ ರೇವಣಸಿದ್ದಯ್ಯನವರು ಕೇಳಿಸಿಕೊಂಡರು. ಪಿಂಚಣಿ ಪಡೆದ ಗುಮಾಸ್ತರು, ಮಗಳ ಮದುವೆಯಾದ ಮೇಲೆ ಒಂಟಿ ಜೀವ; ಊರ ಉಸಾಬರಿಯೇ ಅವರ ಈಗಿನ ನೌಕರಿ.

"ಎಷ್ಟೊತ್ತಿಗೋ ನಿನ್ನ ವಿಮಾನ?"

"ಎರಡಕ್ಕೆ ಸಾರ್. ನಮ್ಮ ಕಾರ್ಖಾನೆ ಕೋಟುಗುಂಡಿ ಸ್ಯಾಂಪಲ್ಲು ಇವತ್ತೇ ಹೆಡ್ಡಾಫೀಸು ಮುಟ್ಬೇಕು. ಮುಟ್ಟಿಸಿದ್ರೆ ನಾನು ಹೆಡ್‌ಕ್ಲಾರ್ಕು."

"ಗುರುವಾರ ಎರಡು ಗಂಟೆ, ನಟ್ಟನಡು ರಾಹುಕಾಲ ಕಣೋ! ರೈಲಾದ್ರೆ ರಾಹು ಬಂದು ಹೋದ್ಮೇಲೂ ದಾರಿ ಉಳಿದಿರುತ್ತೆ. ನಿನ್ನ ಮೂರೂವರೆ ಗಂಟೇಲಿ ಅವನಿಗೇ ಒಂದು ಗಂಟೆ ಕೊಟ್ರೆ ನಿನಗೇನಪ್ಪಾ ಮಿಕ್ತು?"

"ರೀ, ದೊಡ್ಡೋರ ಮಾತು ಕೇಳ್ರೀ" ಎಂದು ಹೆಂಡತಿ ಲಕ್ಷ್ಮಿದೇವಮ್ಮ ಒಳಗಿನಿಂದಲೇ ಕಣ್ಣೀರು ಶುರುಮಾಡಿದಳು.

ಪರಿಹಾರವೂ ಅವರಲ್ಲೇ ಇತ್ತು. ಒಳ್ಳೆಯ ಹೊತ್ತಿನಲ್ಲಿ ಸಾಮಾನನ್ನು ಬೇರೆ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಹೊರಟ ಲೆಕ್ಕ, ಅದೇ ಪರಸ್ಥಾನ. ಬೆಳಿಗ್ಗೆಯೇ ಚಕ್ರಪಾಣಿಯ ಕೈಚೀಲ, ಗುಂಡಿ ಮತ್ತು ಟಿಕೆಟ್ಟಿನ ಸಮೇತ, ರೇವಣಸಿದ್ದಯ್ಯನವರ ಪಡಸಾಲೆ ಸೇರಿತು.

ಬೇಗ ಊಟ ಮುಗಿಸಿ ಬಂದು ನೋಡಿದರೆ ಅವರ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ!

"ಒಡೆದುಬಿಡ್ಲಾ?" ಎಂದ ಚಕ್ರಪಾಣಿ.

"ಅಯ್ಯೋ, ಪರಸ್ಥಾನ ಇಟ್ಟ ಮನೆ ಬೀಗ ಒಡೀತಾರೇನ್ರೀ? ಕೆಂಗೇರಿ ಮಗಳ ಮನೇಲಿರ್ತಾರೆ, ಓಡಿ" ಎಂದಳು ಲಕ್ಷ್ಮಿದೇವಮ್ಮ.

ಐನೂರು ಮೈಲಿಯನ್ನು ಮೂರೂವರೆ ಗಂಟೆಯಲ್ಲಿ ದಾಟಬೇಕಾದವನು ಜಟಕಾ ಹತ್ತಿದ. ಕುದುರೆ ಮಾಗಡಿ ರಸ್ತೆಯಲ್ಲೊಮ್ಮೆ ನಿಂತಿತು, ಆಮೇಲೆ ಮಲಗಿತು. "ಅದಕ್ಕೂ ವಯಸ್ಸಾಯ್ತು ಸಾಮಿ" ಎಂದು ಗಾಡಿಯವನು ಬೀಡಿ ಹಚ್ಚಿದ.

ಅಂತೂ ಅದು ಎದ್ದು ಕೆಂಗೇರಿ ಮುಟ್ಟಿಸಿದಾಗ ಮಗಳು ಆದರದಿಂದ ಮಣೆ ಹಾಕಿದಳು. "ಅಪ್ಪ ಬಂದೇ ಇಲ್ವಲ್ಲಣ್ಣ! ಮಜ್ಜಿಗೆ ಕುಡೀರಿ."

ಮಜ್ಜಿಗೆ ಗಂಟಲಲ್ಲಿರುವಾಗಲೇ ಆಕಾಶದಲ್ಲಿ ಗುರ್ರೆಂದಿತು. ಚಕ್ರಪಾಣಿಯ ಸೀಟು ಚಕ್ರಪಾಣಿಯ ತಲೆಯ ಮೇಲೆಯೇ ಹಾದುಹೋಯಿತು. ಹೆಡ್‌ಕ್ಲಾರ್ಕ್ ಕುರ್ಚಿಯೂ ಅದರಲ್ಲೇ ಹೋಯಿತೆಂದು ಅವನಿಗೆ ಅಳುವೇ ಬಂತು.

ಅದೇ ಕುದುರೆಯ ದಯೆಯಿಂದ ಕಾರ್ಖಾನೆ ತಲುಪುವಾಗ ದೀಪ ಹಚ್ಚಿದ್ದರು. ಕಾಲಿಗೆ ಬಿದ್ದಾದರೂ ಕೆಲಸ ಉಳಿಸಿಕೊಳ್ಳೋಣವೆಂದು ಒಳಗೆ ಹೋದರೆ, ಮ್ಯಾನೇಜರು ದೆವ್ವ ಕಂಡವರಂತೆ ಎದ್ದು ನಿಂತರು.

"ನೀನು ಇಲ್ಲಿ ಹ್ಯಾಗಯ್ಯಾ? ಈಗ ತಾನೆ ಬೊಂಬಾಯಿಂದ ಟ್ರಂಕ್ ಕಾಲ್ ಬಂತು. ಚಕ್ರಪಾಣಿ ಸ್ಯಾಂಪಲ್ ತಂದ, ಪ್ರಾಯ ಸ್ವಲ್ಪ ಹೆಚ್ಚಾದ್ರೂ ಭಾಳಾ ಚುರುಕು, ಇಲ್ಲೇ ಹೆಡ್‌ಕ್ಲಾರ್ಕ್ ಮಾಡ್ಕೊಂಡ್ವಿ, ಅವನ ಜಾಗಕ್ಕೆ ಬೇರೆಯೋರ್ನ ನೋಡ್ಕೊಳ್ಳಿ ಅಂದ್ರು. ನಾನೂ ನನ್ನ ಭಾಮೈದನಿಗೆ ಹೇಳಿಕಳಿಸ್ದೆ!"

"ಸಾರ್, ಚಕ್ರಪಾಣಿ ನಾನು!"

"ನನಗೆ ಗೊತ್ತಿಲ್ವೇನಯ್ಯಾ? ಆದ್ರೆ ಚಕ್ರಪಾಣಿ ಬೊಂಬಾಯಲ್ಲಿದಾನೆ ಅಂತ ಹೆಡ್ಡಾಫೀಸೇ ಹೇಳ್ತಿದೆ. ನಾನು ಎದುರಾಡೋದಾ?"

ಚಕ್ರಪಾಣಿ ಬಾಗಿಲ ಕಡೆ ತಿರುಗಿದ. ಮ್ಯಾನೇಜರು ಏನೋ ನೆನಪಾಗಿ ಕೂಗಿದರು.

"ಹಾಂ, ಆ ಚಕ್ರಪಾಣಿ ಫೋನಲ್ಲಿ ಒಂದ್ಮಾತು ಹೇಳ್ದ. ಪಕ್ಕದ್ಮನೆ ರೇವಣಸಿದ್ದಯ್ಯನವರ ಮಲ್ಲಿಗೆ ಬಳ್ಳಿಗೆ ದಿನಾ ಒಂದು ಕೊಡ ನೀರು ಹಾಕ್ಬೇಕಂತೆ. ನಿನಗೆ ಹೇಗೂ ಇನ್ಮೇಲೆ ಪುರಸೊತ್ತಲ್ವಾ?"