ಹಿರೇಗುತ್ತಿಯಲ್ಲಿ ನನ್ನ ಹೋಟೆಲ್ ವಿದ್ಯೆ

ದೊಡ್ಡ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಟೈ ಕಟ್ಟಿಕೊಂಡು ದುಡಿದವನು ನಾನು. ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಹಿಡಿದ ಮೇಲೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಊರು ಕೆಡಬಾರದು, ಊರವರ ಹೊಟ್ಟೆ ತುಂಬಬೇಕು, ಇಷ್ಟೇ ನನ್ನ ಪ್ರವಾಸೋದ್ಯಮ. ಅದನ್ನು ನಂಬಿ ಮೊದಲು ಬಾಗಿಲು ತೆರೆದವರು ಹಿರೇಗುತ್ತಿಯ ಒಬ್ಬ ಅಕ್ಕ. ದಿನಾ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಕುಮಟೆಗೆ ಹೋಗಿ ಖಾನಾವಳಿಯಲ್ಲಿ ಅಡುಗೆ ಮಾಡುತ್ತಿದ್ದವರು, ನನ್ನ ಮಾತು ಕೇಳಿ ಆ ಕೆಲಸ ಬಿಟ್ಟರು.

"ಇದು ನಡೀದಿದ್ರೆ ಮತ್ತೆ ಅದೇ ಬಸ್ಸು. ನಿಮ್ಮನ್ನೇನು ಬಯ್ಯೂದಿಲ್ಲ," ಅಂದಿದ್ದರು. ಬೈದಿದ್ದರೇ ವಾಸಿಯಿತ್ತು, ನನಗೆ ನಿದ್ದೆಯಾದರೂ ಬರುತ್ತಿತ್ತು.

ಬಳಚು

ಅಕ್ಕನ ಮೊದಲ ಅತಿಥಿಗಳು ಗಂಡ ಹೆಂಡತಿ. ಅಘನಾಶಿನಿಯ ನೀರು ಇಳಿದಾಗ ಅಕ್ಕನ ಜೊತೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಕಾರ್ಯಕ್ರಮ. ಗಂಡ ಎರಡು ತಾಸು ಕೆಸರಲ್ಲಿ ಬಗ್ಗಿ ಬುಟ್ಟಿ ತುಂಬಿಸಿದ. ಅಕ್ಕ ಬುಟ್ಟಿಯಲ್ಲಿ ಕೈಯಾಡಿಸಿ ನೋಡಿದರು, ಹಾಗೇ ಎತ್ತಿ ನೀರಿಗೆ ಸುರಿದರು.

"ಎಲ್ಲಾ ಮರಿ. ಮರೀನೇ ತಿಂದ್ರೆ ಬರೂ ವರ್ಷ ಎಂತ ತಿನ್ನೂದು?"

ಪರಿಸರ ಉಳಿಸುವ ಬಗ್ಗೆ ನಾನು ನಲವತ್ತು ಸ್ಲೈಡು ಮಾಡಿಟ್ಟುಕೊಂಡಿದ್ದೆ. ಅವತ್ತೇ ಅಳಿಸಿದೆ. ಮಧ್ಯಾಹ್ನ ಊಟಕ್ಕೆ ಬಡಿಸಿದ್ದು ಹೆಂಡತಿ ಹೆಕ್ಕಿದ ಬಳಚು. ಆ ವಿಷಯವನ್ನು ಆಕೆ ಪ್ರತಿ ತುತ್ತಿಗೂ ಗಂಡನಿಗೆ ನೆನಪಿಸಿದಳು.

ಸ್ವಲ್ಪ ಊಟ

ಇನ್ನೊಮ್ಮೆ ನಾಲ್ವರನ್ನು ಭಟ್ಕಳದ ನವಾಯತ ಮುಸ್ಲಿಮರ ಮನೆಯೊಂದಕ್ಕೆ ಊಟಕ್ಕೆ ಕರೆದೊಯ್ದೆ. ಅಲ್ಲಿಂದ ಮೂರು ಗಂಟೆಗೆ ಹೊನ್ನಾವರದಲ್ಲಿ ದೋಣಿ ಹತ್ತಬೇಕು. "ಅಮ್ಮಾ, ಸ್ವಲ್ಪ ಮಾಡಿ," ಅಂತ ಮನೆಯ ಹಿರಿಯಮ್ಮನಿಗೆ ಮೊದಲೇ ಕೈಮುಗಿದಿದ್ದೆ.

"ಸ್ವಲ್ಪಾನೇ ಮಾಡಿದ್ದು ಬೇಟಾ," ಅಂದರು. ಬಿರಿಯಾನಿ ತಟ್ಟೆಯನ್ನು ಇಬ್ಬರು ಹಿಡಿದು ತಂದರು! ಸಾಕು ಅಂದರೆ ಹಿರಿಯಮ್ಮ "ರುಚಿ ಆಗ್ಲಿಲ್ವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಹಾಗಾಗಿ ಯಾರೂ ಸಾಕು ಅನ್ನಲಿಲ್ಲ. ಮೂರು ಗಂಟೆಗೆ ನಾಲ್ವರೂ ಜಮಖಾನದ ಮೇಲೆ ಗೊರಕೆ ಹೊಡೆಯುತ್ತಿದ್ದರು.

ದೋಣಿಯವನ ಫೋನು ಬಂತು. "ಎಲ್ಲಿದ್ರಿ ಮಾರಾಯ್ರೆ, ನೀರು ಇಳೂಕೆ ಶುರುವಾತು!"

ವಿಷಯ ಹೇಳಿದೆ. ದನಿ ತಗ್ಗಿಸಿ ಕೇಳಿದ, "ಬಿರಿಯಾನಿ ಉಳ್ದಿದ್ಯಾ?"

ತಪಾಸಣೆ

ಹೀಗೆ ಅಪರೂಪಕ್ಕೆ ಬರುವವರಿಂದ ಅಕ್ಕನ ಸಂಸಾರ ನಡೆಯುವಂತಿರಲಿಲ್ಲ. ಅಷ್ಟರಲ್ಲಿ ಪ್ರವಾಸ ಕಂಪನಿಯೊಂದು, ಮನೆ ನೋಡಿ ಒಪ್ಪಿಗೆಯಾದರೆ ವರ್ಷವಿಡೀ ಜನ ಕಳಿಸುತ್ತೇವೆ ಅಂದಿತು. ಹದಿನೈದು ದಿನ ಅಕ್ಕನಿಗೆ ನನ್ನ ತಾಲೀಮು: ನಗುಮುಖ ಇರಬೇಕು, ಕುರ್ಚಿ ಕೊಡಬೇಕು, ಸ್ವಂತ ವಿಷಯ ಕೇಳಬಾರದು. ಕಂಪನಿಯವರು ಬರುವ ದಿನವೇ ನನ್ನ ಸ್ಕೂಟರ್ ಪಂಕ್ಚರ್ ಆಗಿ ಒಂದು ತಾಸು ತಡವಾಯಿತು.

ಹೋಗಿ ನೋಡಿದರೆ ಜಗುಲಿಯ ಕುರ್ಚಿಯಲ್ಲಿ ಒಬ್ಬ ಗಂಡಸು, ಕೊರಳಲ್ಲಿ ಅಬ್ಬಲಿಗೆ ಹೂವಿನ ಮಾಲೆ, ಮುಂದೆ ಬಾಳೆಲೆ ತುಂಬ ಮೀನು. ಸದ್ಯ, ಗೆದ್ದೆವು ಅಂದುಕೊಂಡು ಹತ್ತಿರ ಹೋದೆ. ಅವನು ಕರೆಂಟು ಮೀಟರ್ ಓದಲು ಹೊಸದಾಗಿ ಬಂದವನು!

"ಬೇಡ ಅಂದೆ ಸರ್, ಕೇಳ್ಲೇ ಇಲ್ಲ," ಅಂತ ಇನ್ನೊಂದು ತುಂಡಿಗೆ ಕೈಹಾಕಿದ.

"ಅಕ್ಕಾ, ಬೇರೆ ಯಾರಾದ್ರೂ ಬಂದಿದ್ರಾ?"

"ಸಮೀಕ್ಷೆಯವ್ರು ಒಬ್ರು ಬಂದ್ರು. ಎಷ್ಟು ಕೋಣೆ, ಪಾಯಿಖಾನೆ ಇದ್ಯಾ, ಬಾವಿ ನೀರಾ ಅಂತ ಕಾಗ್ದ ಹಿಡ್ಕಂಡು. ದೊಡ್ಡ ಜನ ಬಂದು ಕೂತಿದ್ದಾರೆ, ಈಗ ಪುರಸೊತ್ತಿಲ್ಲ, ಈ ಕಾಯಿ ಹೆರ್ದು ಕೊಡು ತಂಗೀ, ಆಮೇಲೆ ಹೇಳ್ತೆ ಅಂದೆ."

ಅಡುಗೆಮನೆಗೆ ಓಡಿದೆ. ಕಂಪನಿಯ ಮೇಡಂ ಹೆರೆಮಣೆ ಮೇಲೆ ಕೂತು ಕಾಯಿ ಹೆರೆಯುತ್ತಿದ್ದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ತಪಾಸಣೆಗೆ ಬಂದವರು ಇವರೇ ಅಂತ ಹಿಂದೆಯೇ ಬಂದ ಅಕ್ಕನಿಗೆ ಆಗ ಗೊತ್ತಾಯಿತು. "ಆತು. ನಾಳೆಯಿಂದ ಬಸ್ಸೇ."

ಮೇಡಂ ಕೈ ನಿಲ್ಲಿಸದೆ ಹೇಳಿದರು: "ಎಷ್ಟೋ ಮನೆ ನೋಡಿದ್ದೇನೆ. ಎಲ್ಲ ಕಡೆ ಕುರ್ಚಿ ಕೊಟ್ಟು ಬಾಯಿಪಾಠ ಒಪ್ಪಿಸ್ತಾರೆ. ಇಲ್ಲಿ ಕಾಯಿತುರಿಗೆ ಕರಿ ಸಿಪ್ಪೆ ಸೇರಿಸಬೇಡ ಅಂತ ಬೈಸಿಕೊಂಡೆ, ಇನ್ನೂ ಯಾಕೆ ಮದುವೆಯಾಗಿಲ್ಲ ಅಂತಲೂ ಕೇಳಿಸಿಕೊಂಡೆ. ನಮ್ಮ ಜನ ಅಷ್ಟು ದೂರದಿಂದ ಬರೋದೇ ಇದಕ್ಕೆ." ಒದ್ದೆ ಕೈಯಲ್ಲೇ ಕಾಗದಕ್ಕೆ ಸಹಿ ಹಾಕಿ ನನ್ನ ಕಡೆ ತಿರುಗಿದರು. "ಒಂದೇ ಷರತ್ತು. ನೀವು ಕಲಿಸಿದ್ದನ್ನೆಲ್ಲ ಇವರು ಮರೆಯಬೇಕು."

ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡರು. ನನ್ನ ಇಪ್ಪತ್ತು ವರ್ಷದ ವಿದ್ಯೆ ತಲೆಗೆ ಹತ್ತಿಸಿಕೊಳ್ಳದೆ ನಮ್ಮಿಬ್ಬರನ್ನೂ ಉಳಿಸಿದ ಆ ತಾಯಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಅಷ್ಟರಲ್ಲಿ ಜಗುಲಿಯಿಂದ ಮೀಟರಿನವನ ಕೂಗು ಬಂತು.

"ಅಕ್ಕಾ, ಊಟ ಚಲೋ ಆತು. ನಾನೂ ಎಲ್ಲಾದ್ರೂ ಸಹಿ ಹಾಕೂದಿದ್ಯಾ?"