ನಾನೊಬ್ಬಳೇ ಇದ್ದ ಬಾಣಂತಿ ಕಮಿಟಿ

ನನ್ನ ಮೊಮ್ಮಗಳಂಥ ಕೂಸು ಹುಬ್ಬಳ್ಳಿಯಲ್ಲಿ ಇನ್ನೊಂದು ಹುಟ್ಟಿಲ್ಲ. ಇದನ್ನು ನಾನು ಅಜ್ಜಿ ಎಂದು ಹೇಳುತ್ತಿಲ್ಲ, ಕಣ್ಣಾರೆ ನೋಡಿದ್ದನ್ನು ಹೇಳುತ್ತಿದ್ದೇನೆ. ಧಾರವಾಡದ ನಮ್ಮ ಬೀಗರು ಅದು ತಮ್ಮ ಮೊಮ್ಮಗಳೂ ಹೌದು ಎನ್ನುತ್ತಾರೆ. ಇರಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮೂಗು ನಮ್ಮ ಕಡೆಯದು.

ಮಗಳು ಶಾಂತಾ ಹಡೆದ ದಿನ ನಮ್ಮ ಸೊಸಾಯಿಟಿಯ ಅರವತ್ತು ಮನೆಗಳಿಗೂ ನಾನೇ ನಡೆದು ಹೋಗಿ ಸಕ್ಕರೆ ಹಂಚಿದೆ. ಕೆಲವು ಮನೆಗಳಿಗೆ ಎರಡು ಸಲ ಹಂಚಿದೆ. ಮೊದಲ ಸಲ ಮೂಗಿನ ಸುದ್ದಿ ಹೇಳುವುದನ್ನು ಮರೆತಿದ್ದೆ.

ಸೊಸಾಯಿಟಿ ಎಂದರೆ ಬೇರೇನಲ್ಲ. ಹಳೇ ಹುಬ್ಬಳ್ಳಿಯ ಇಕ್ಕಟ್ಟು ಓಣಿಗಳಲ್ಲಿ ಬಾಡಿಗೆಗಿದ್ದ ನಾವು ಅರವತ್ತು ಮನೆಯವರು ಕೂಡಿ, ಊರ ಅಂಚಿನಲ್ಲಿ ಜಾಗ ಹಿಡಿದು, ಸಾಲಾಗಿ ಮನೆ ಕಟ್ಟಿಕೊಂಡಿದ್ದೆವು. ಮನೆ ಅವರವರದು, ನಡುವಿನ ಬಾವಿ ಎಲ್ಲರದು. ಮನೆಗೊಬ್ಬ ಮೆಂಬರು. ನಮ್ಮ ಮನೆಯ ಮೆಂಬರು ನಾನು. ನಮ್ಮ ಮನೆಯವರು ಆಗ ರೈಲ್ವೆಯಲ್ಲಿ ಗಾರ್ಡ್ ಇದ್ದರು. ಸೊಸಾಯಿಟಿಯ ಕಾಗದಕ್ಕೆ ಸಹಿ ಹಾಕುವ ದಿನ ಅವರು ಹಸಿರು ಬಾವುಟ ಹಿಡಿದುಕೊಂಡು ಗದಗ ದಾಟಿ ಹೋಗಿದ್ದರು. ಕನ್ನಡ ಎರಡನೆಯ ಇಯತ್ತೆ ಪಾಸಾದವಳೆಂಬ ಧೈರ್ಯದ ಮೇಲೆ ನಾನೇ 'ನೀಲವ್ವ' ಎಂದು ಬರೆದೆ. ಹೀಗೆ ಐವತ್ತೊಂಬತ್ತು ಗಂಡಸು ಮೆಂಬರರ ನಡುವೆ ನಾನೊಬ್ಬಳು ಹೆಂಗಸು ಮೆಂಬರಾದೆ. ಸಭೆಗೆ ಎಂದೂ ಹೋದವಳಲ್ಲ. ನೋಟೀಸು ಬಂದರೆ ಹಪ್ಪಳದ ಡಬ್ಬಿಯ ತಳಕ್ಕೆ ಹಾಸುತ್ತಿದ್ದೆ. ಕಾಗದ ಗಟ್ಟಿಯಾಗಿರುತ್ತಿತ್ತು.

ಕೂಸು ಹುಟ್ಟಿದ್ದು ಬೇಸಿಗೆಯ ಬಾಯಲ್ಲಿ. ಬಾವಿಯ ನೀರು ಇಳಿದಿತ್ತು. ಸೊಸಾಯಿಟಿಯ ಸೆಕ್ರೆಟರಿ ದೇಸಾಯಿ ಮಾಸ್ತರರು ಪಾಳಿ ಹಚ್ಚಿದ್ದರು. ಅವರು ಸಾಲೆಯಿಂದ ಪೆನ್ಶನ್ ಆದವರು, ಒಬ್ಬರೇ ಇರುವವರು. ದಿನವೂ ಬೆಳಗ್ಗೆ ಬಾವಿಯ ಹತ್ತಿರ ಕುರ್ಚಿ ಹಾಕಿಕೊಂಡು, ಮನೆಗೆ ಎಂಟು ಕೊಡದಂತೆ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು.

ಎಂಟು ಕೊಡದಲ್ಲಿ ಒಂದು ಮನೆ ನಡೆಯುತ್ತದೆ. ಬಾಣಂತಿ ಇದ್ದ ಮನೆ ನಡೆಯುವುದಿಲ್ಲ. ನಮ್ಮಲ್ಲಿ ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದೆಂದರೆ ಮುಖ ತೊಳೆದಂತಲ್ಲ. ಹಂಡೆ ತುಂಬ ಸುಡುಸುಡು ನೀರು ಬೇಕು, ಆ ಹಂಡೆ ಮುಗಿದ ಮೇಲೆ ಇನ್ನೊಂದು ಬೇಕು. ಎರೆಯಲು ಬರುತ್ತಿದ್ದ ಮಲ್ಲವ್ವ ನಮ್ಮ ಬಚ್ಚಲಿನ ಹಂಡೆಯಲ್ಲಿ ಇಣುಕಿ ನೋಡಿ, ಸೊಂಟದ ಮೇಲೆ ಕೈ ಇಟ್ಟಳು.

"ಇಷ್ಟ ನೀರಿನಾಗ ತಾಯಿಗಿ ಎರೀಲ್ಯೋ, ಕೂಸಿಗಿ ಎರೀಲ್ಯೋ? ಇಲ್ಲಾ ನೀವೊಂದೀಟು ಅಳ್ರಿ, ಆ ನೀರಿಲೇ ಎರೀತೀನಿ."

ಅಂದು ಸಂಜೆಯೇ ಸೊಸಾಯಿಟಿಯ ಸಭೆ ಇತ್ತು. ಹಪ್ಪಳದ ಡಬ್ಬಿ ಎತ್ತಿ, ನೋಟೀಸು ತೆಗೆದು ಸಭೆಯ ಹೊತ್ತು ನೋಡಿಕೊಂಡೆ. ಸೀರೆ ಬದಲಿಸಿದೆ.

"ಸಭಾಕ್ಕ ಹೋಗಿ ಏನು ಮಾತಾಡಾಕಿ?" ಎಂದರು ನಮ್ಮ ಮನೆಯವರು.

"ನೀರಿಂದು ಮಾತಾಡ್ತೀನಿ."

"ಮೂಗಿಂದು ಮಾತಾಡಬ್ಯಾಡ."

"ಅಷ್ಟೂ ತಿಳಿಯೂದಿಲ್ಲೇನ್ರಿ ನನಗ?"

ಸಭೆಯಲ್ಲಿ ಹನ್ನೆರಡು ಮಂದಿ ಗಂಡಸರು ಚಾಪೆಯ ಮೇಲೆ ಕುಳಿತಿದ್ದರು. ನಾನು ಎದ್ದು ನಿಂತು, ಕೈ ಮುಗಿದು, ಮೂಗಿನಿಂದಲೇ ಶುರು ಮಾಡಿದೆ. ಏನು ಮಾಡಲಿ, ಬಾಯಿ ತೆರೆದರೆ ಅದೇ ಬಂದಿತು. ಅಲ್ಲಿಂದ ಕೂಸಿನ ಕಣ್ಣಿಗೆ, ಕಣ್ಣಿನಿಂದ ಕೂದಲಿಗೆ, ಕೂದಲಿನಿಂದ ಎಣ್ಣೆಗೆ, ಎಣ್ಣೆಯಿಂದ ನೀರಿಗೆ ಬರುವ ಹೊತ್ತಿಗೆ ಸಭೆ ಏನು ಕೇಳಿದರೂ ಕೊಟ್ಟು ಮನೆಗೆ ಕಳಿಸಲು ತಯಾರಾಗಿತ್ತು. ಬಾಣಂತಿ ಇದ್ದ ಮನೆಗೆ ಮೂರು ತಿಂಗಳ ತನಕ ದಿನಕ್ಕೆ ಆರು ಕೊಡ ಹೆಚ್ಚಿಗೆ ಕೊಡತಕ್ಕದ್ದು ಎಂದು ಠರಾವು ಪಾಸಾಯಿತು.

ದೇಸಾಯಿ ಮಾಸ್ತರರು ಲೇಖನಿ ಎತ್ತಿ ಹಿಡಿದು ಕೇಳಿದರು: "ಎಲ್ಲಾ ಖರೆ. ಆದರ ಬಾಣಂತಿ ಹೌದೋ ಅಲ್ಲೋ ಅಂತ ನೋಡವರು ಯಾರು? ಗಂಡಸರು ಮನಿ ಹೊಕ್ಕು ನೋಡ್ಲಿಕ್ಕೆ ಬರೂದಿಲ್ಲ."

ಹನ್ನೆರಡು ಮಂದಿ ನನ್ನ ಕಡೆ ತಿರುಗಿದರು. ಬಾಣಂತಿ ಕಮಿಟಿ ಸ್ಥಾಪನೆಯಾಯಿತು. ಅದರ ಅಧ್ಯಕ್ಷೆಯೂ ನಾನೇ, ಮೆಂಬರಳೂ ನಾನೇ. ನಾನು ಹೋಗಿ ನೋಡಿ ಚೀಟಿ ಬರೆದುಕೊಡಬೇಕು, ಚೀಟಿ ನೋಡಿ ಮಾಸ್ತರರು ನೀರು ಬಿಡಬೇಕು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಂದೇ ತಿಂಗಳಲ್ಲಿ ಅಜ್ಜಿಯೂ ಆದೆ, ಅಧ್ಯಕ್ಷೆಯೂ ಆದೆ.

ಮೊದಲ ವಾರ ಮೂರೇ ಚೀಟಿ. ಎಲ್ಲ ಹಸಿ ಬಾಣಂತಿಯರು, ಎಲ್ಲ ಎಳೆಯ ಕೂಸುಗಳು. 'ಖರೇ ಬಾಣಂತಿ. ಕೂಸು ಛಲೋ' ಎಂದು ಬರೆದು ಸಹಿ ಮಾಡಿದೆ. ನಮ್ಮ ಮನೆಯವರು ಓದಿ ನೋಡಿದರು.

"ಕೂಸು ಛಲೋ ಅಂತ ಬರಿಯಾಕ ಕಮಿಟಿ ಮಾಡ್ಯಾರೇನು?"

"ಕೂಸು ಛಲೋ ಇತ್ರಿ. ಸುಳ್ಳು ಹೆಂಗ ಬರೀಲಿ?"

ಎರಡನೆಯ ವಾರ ಪಕ್ಕದ ಮನೆಯ ಬಸವ್ವ ಕರೆಯಲು ಬಂದಳು. ಅವಳ ತಂಗಿಯ ಮಗಳು ಮುಗದ ಎಂಬ ಹಳ್ಳಿಯಿಂದ ಬಂದಿದ್ದಳಂತೆ, ಹಸಿ ಬಾಣಂತಿಯಂತೆ. ಹೋಗಿ ನೋಡಿದರೆ ಹಸಿ ಬಾಣಂತಿ ಹಿತ್ತಲಲ್ಲಿ ಸೆರಗು ಬಿಗಿದು ಖಾರ ಕುಟ್ಟುತ್ತಿದ್ದಳು. ಕೂಸು ನನ್ನನ್ನು ನೋಡಿ, ಗೋಡೆ ಹಿಡಿದು ಎದ್ದು ನಿಂತಿತು.

"ಎಷ್ಟ ದಿನದ್ದ ಬಸವ್ವಾ ಕೂಸು?"

"ದಿನಾ ಯಾರು ಎಣಿಸ್ಯಾರ ಅಕ್ಕಾ? ಮೊನ್ನೆ ಹುಟ್ಟಿದಂಗ ಐತಿ."

ನಾನು ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕೂಸು ಬಂದು ನನ್ನ ಬೆರಳು ಹಿಡಿದುಕೊಂಡು ನಕ್ಕಿತು. ಎರಡು ಹಲ್ಲು ಕಂಡವು. ಅಂಥ ಹಲ್ಲು ಕಂಡ ಮೇಲೆ ಇಲ್ಲ ಎನ್ನುವ ಬಾಯಿ ಯಾವುದು? ಚೀಟಿ ಬರೆದೆ.

ಅಲ್ಲಿಂದ ಬಾಗಿಲು ತೆರೆದಂತಾಯಿತು. ಹೆರಿಗೆಗೆ ಮಗಳನ್ನು ಕರೆತಂದವರು ಇದ್ದರು, ಅದು ಸರಿಯೇ. ಸೊಸೆಯ ತಂಗಿಯನ್ನು, ಅತ್ತಿಗೆಯ ಮಗಳನ್ನು, 'ಹವಾ ಛಲೋ ಐತಿ' ಎಂದು ಕರೆತಂದವರೂ ಇದ್ದರು. ಒಂದು ಮನೆಯಲ್ಲಿ ಕೂಸೇ ಬಂದು ನನಗೆ ಬಾಗಿಲು ತೆರೆಯಿತು. 'ಕೂಸು ಚುರುಕು' ಎಂದು ಬರೆದೆ. ಇನ್ನೊಂದು ಕೂಸಿಗೆ ಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ ಇತ್ತು. ಆ ಕೂಸನ್ನು ನಾನು ಒಂದೇ ವಾರದಲ್ಲಿ ಮೂರು ಬೇರೆ ಬೇರೆ ಮನೆಗಳಲ್ಲಿ ನೋಡಿದೆ. ಮೂರನೆಯ ಮನೆಗೆ ಹೋಗುವ ಹೊತ್ತಿಗೆ ಅದು ನನ್ನ ಗುರುತು ಹಿಡಿದು ಕೈ ಚಾಚುತ್ತಿತ್ತು. ಗುರುತಿನ ಕೂಸಿಗೆ ಚೀಟಿ ಇಲ್ಲವೆನ್ನುವುದು ಹೇಗೆ?

ಕಡೆಯ ಸಾಲಿನಲ್ಲಿ ಹಾಲು ಮಾರುವ ಗವಳಿಗರ ಕಾಶವ್ವನ ಮನೆ. ಅವಳು ನಗುತ್ತ ಕೇಳಿದಳು: "ನಮ್ಮ ಎಮ್ಮಿ ನಿನ್ನೆ ಈದೈತಿ ಅಕ್ಕಾ. ಅದೂ ಬಾಣಂತಿನ ಅಲ್ಲೇನು? ಅದಕ್ಕ ಚೀಟಿ ಯಾರು ಕೊಡ್ತಾರ?"

ಅವಳು ಚೇಷ್ಟೆಗೆ ಕೇಳಿದ್ದಳು. ನಾನು ಕೊಟ್ಟಿಗೆಗೆ ಹೋಗಿ ನೋಡಿದೆ. ಕರು ತಾಯಿಯ ಹೊಟ್ಟೆಯ ಕೆಳಗಿನಿಂದ ಇಣುಕಿ, ನನ್ನ ಕೈ ನೆಕ್ಕಿತು. 'ಖರೇ ಬಾಣಂತಿ. ಕರು ಛಲೋ.'

ನಮ್ಮ ಕೂಸಿನ ತೊಟ್ಟಿಲ ಕಾರ್ಯ ಹದಿಮೂರನೆಯ ದಿನಕ್ಕೆ ಆಗಬೇಕಾದದ್ದು, ಅಳಿಯನಿಗೆ ರಜೆ ಸಿಗದೆ ಒಂದೂವರೆ ತಿಂಗಳಿಗೆ ಹೋಗಿತ್ತು. ಆ ದಿನ ಬಂದಿತು. ಬೀಗರು ಹತ್ತು ಗಂಟೆಯ ಗಾಡಿಗೆ ಧಾರವಾಡದಿಂದ ಇಳಿಯುವವರು, ಹದಿನಾಲ್ಕು ಮಂದಿ. ಹೆಸರಿಡಬೇಕಾದ ಸೋದರತ್ತೆಯೂ ಅವರಲ್ಲಿದ್ದಳು. ಮುಂಜಾನೆ ಕೊಡ ಹಿಡಿದುಕೊಂಡು ಬಾವಿಗೆ ಹೋದೆ. ಹಗ್ಗ ಬಿಟ್ಟೆ. ಕೊಡ ಕೆಳಗೆ ಹೋಗಿ ಕಲ್ಲಿಗೆ ಬಡಿದ ಸದ್ದು ಬಂತು. ಎಳೆದು ನೋಡಿದರೆ ಅರ್ಧ ಕೊಡ ಕೆಸರು.

"ಬಾವಿ ಇವತ್ತ, ನಾಳೆ ಬಂದ್ ನೀಲವ್ವಬಾಯಿ," ಎಂದರು ಮಾಸ್ತರರು. "ಸೆಲಿ ನೀರು ಕೂಡೂ ತನಕಾ ಯಾರೂ ಹಗ್ಗಾ ಬಿಡೂ ಹಂಗಿಲ್ಲ."

"ಮಾಸ್ತರ, ಇವತ್ತ ನನ್ನ ಮೊಮ್ಮಗಳ ತೊಟ್ಟಿಲಾ ಐತ್ರಿ."

"ಗೊತ್ತದ. ನಾಕು ಸಲಾ ಹೇಳೀರಿ." ಪುಸ್ತಕ ನನ್ನ ಕಡೆ ತಿರುಗಿಸಿದರು. "ಇಪ್ಪತ್ತೊಂದು ಚೀಟಿ. ಎಲ್ಲಾ ನಿಮ್ಮ ಅಕ್ಷರಾನ. ಒಂದು ಎಮ್ಮೀದೂ ಅದ."

"ಮೊದಲ ಯಾಕ ಹೇಳಲಿಲ್ರಿ ಮತ್ತ?"

"ಕಮಿಟಿ ಬರದದ್ದನ್ನ ಸೆಕ್ರೆಟರಿ ಹೆಂಗ ತಿದ್ದಬೇಕು? ಸಾಲ್ಯಾಗ ಆಗಿದ್ರ ತಿದ್ದತಿದ್ದೆ."

ಅವರು ಎದ್ದು ಕುರ್ಚಿ ಮಡಿಚಿದರು. ಹೆಗಲ ಮೇಲೆ ಪಂಚೆ, ಕೈಯಲ್ಲಿ ತಂಬಿಗೆ ಇದ್ದವು. ಎಲ್ಲಿಗೆ ಎಂದು ಕೇಳಿದೆ. ಹಳೇ ಹುಬ್ಬಳ್ಳಿಯ ಗೆಳೆಯನ ಮನೆಗೆ, ಸ್ನಾನಕ್ಕೆ ಎಂದರು. ಪಾಳಿ ನೋಡುವವನು ತಾನು ಕಡೆಗೆ ಸೇದಬೇಕೆಂದು ಅವರ ನೇಮ. ಅವರ ಪಾಳಿ ಬರುವಷ್ಟರಲ್ಲಿ ತಳ ಕಾಣುತ್ತಿತ್ತಂತೆ. ಎಂಟು ದಿನದಿಂದ ಹೀಗೆ ನಡೆದು ಹೋಗಿ ಬರುತ್ತಿದ್ದರು. ಒಬ್ಬರಿಗೂ ಹೇಳಿರಲಿಲ್ಲ.

ನಾನು ಬಾವಿಯ ಕಟ್ಟೆಯ ಮೇಲೆ ಕುಳಿತೆ. ನನ್ನಂಥವಳು ಕೂತು ವಿಚಾರ ಮಾಡುವುದು ಅಪರೂಪ, ಅಂದು ಮಾಡಿದೆ. ಇಷ್ಟು ದಿನಗಳಲ್ಲಿ ಅಷ್ಟು ಕೂಸುಗಳ ಮುಖ ನೋಡಿದ್ದೆ, ಒಮ್ಮೆಯೂ ಬಾವಿಯ ಮುಖ ನೋಡಿರಲಿಲ್ಲ. ನನ್ನ ಮನೆಯಲ್ಲಿ ಸಂತೋಷ ಉಕ್ಕಿತ್ತು, ಅದನ್ನು ಎಲ್ಲರಿಗೂ ಹಂಚಿದೆ. ಆದರೆ ಹಂಚಿದ್ದು ಸಕ್ಕರೆಯಾಗಿರಲಿಲ್ಲ, ನೀರಾಗಿತ್ತು. ಸಕ್ಕರೆ ನನ್ನದು. ನೀರು ಕೂಸಿಲ್ಲದ ಮನೆಯವರದೂ ಆಗಿತ್ತು, ಒಂಟಿ ಮಾಸ್ತರರದೂ ಆಗಿತ್ತು. ಅವರು ಯಾರೂ ಸಭೆಗೆ ಬಂದು ಮೂಗು ವರ್ಣಿಸುವವರಲ್ಲ, ಹೀಗಾಗಿ ಅವರ ನೆನಪು ನನಗೆ ಬರಲಿಲ್ಲ.

ವಿಚಾರದಿಂದ ಹಂಡೆ ತುಂಬುವುದಿಲ್ಲ. ಚೀಟಿ ಕೊಟ್ಟ ಮನೆಗಳಿಗೆ ನೀರು ಕೇಳಲು ಹೊರಟೆ. ಬಸವ್ವನ ಬಚ್ಚಲಲ್ಲಿ ಎರಡು ಹಂಡೆ ತುಂಬಿ ನಿಂತಿದ್ದವು. ಅವಳು ಸೆರಗಿನ ಗಂಟಿನಿಂದ ನನ್ನ ಚೀಟಿಯನ್ನೇ ತೆಗೆದಳು.

"ಬಾಣಂತಿ ನೀರು ಒಂದು ಕೊಡಾನೂ ಕಡಿಮಿ ಆಗಬಾರದು ಅಂತ ಸಭಾದಾಗ ನೀವ ಹೇಳಿದ್ರಂತಲ್ಲ ಅಕ್ಕಾ. ನಿಮ್ಮ ಮಾತು ಹೆಂಗ ಮೀರ್ಲಿ?"

ಮರ್ಯಾದೆಯಿಂದ ಒಂದು ತಂಬಿಗೆ ಕುಡಿಯುವ ನೀರು ಕೊಟ್ಟಳು. ಏಳು ಮನೆ ತಿರುಗಿದೆ. ಮಚ್ಚೆಯ ಕೂಸು ಒಂದು ಮನೆಯಲ್ಲಿ ನನ್ನನ್ನು ನೋಡಿ ಕೇಕೆ ಹಾಕಿತು, ಅವರು ಮಾತ್ರ ಏನೂ ಕೊಡಲಿಲ್ಲ. ಒಟ್ಟು ಮೂರು ತಂಬಿಗೆ ನೀರಾಯಿತು. ಮನೆಯಲ್ಲಿ ಮಲ್ಲವ್ವ ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಳು. ಶಾಂತಾ ಗೋಡೆಯ ಕಡೆ ಮುಖ ಮಾಡಿದ್ದಳು. ಅದು ಬಯ್ಗುಳಕ್ಕಿಂತ ಹೆಚ್ಚಾಗಿತ್ತು.

"ಬೀಗರ ಕಾಲಿಗೆ ನೀರು ಕೊಡೂ ಬದಲಿ ಚೀಟಿ ಕೊಟ್ಟ ಬಿಡು," ಎಂದರು ನಮ್ಮ ಮನೆಯವರು. "ಬೀಗರು ಛಲೋ ಅಂತ ಬರಿ."

ಆಗ ಕಾಶವ್ವ ಬಾಗಿಲಿಗೆ ಬಂದಳು. ತಲೆಯ ಮೇಲೊಂದು, ಬಗಲಲ್ಲೊಂದು ಕೊಡ.

"ಎಮ್ಮಿ ಪಾಲಿಂದು ಉಳದೈತಿ ಅಕ್ಕಾ. ಚೀಟಿ ಅದರ ಹೆಸರಿಲೆ ಇತ್ತು, ಅದಕ್ಕ ನಾನು ಮುಟ್ಟಿಲ್ಲ, ಬ್ಯಾರೇನ ಇಟ್ಟಿದ್ದೆ. ಅದಾದ್ರೂ ಎಷ್ಟ ಕುಡದೀತು ಪಾಪ? ಇನ್ನೂ ನಾಕು ಕೊಡಾ ಐತಿ, ತರ್ತೀನಿ ತಡೀರಿ."

ಇಪ್ಪತ್ತೊಂದು ಚೀಟಿಗಳಲ್ಲಿ ಉಳಿತಾಯ ಮಾಡಿದ ಬಾಣಂತಿ ಎಮ್ಮೆಯೊಂದೇ. ಆ ನೀರಿನಲ್ಲಿ ಕೂಸಿಗೆ ಎರೆದೆವು, ಹೋಳಿಗೆಗೆ ಬೇಳೆ ಬೇಯಿಸಿದೆವು. ಬೀಗರು ಟಾಂಗಾ ಇಳಿಯುವಷ್ಟರಲ್ಲಿ ಕಾಲಿಗೂ ಒಂದು ಕೊಡ ಉಳಿದಿತ್ತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ತೊಟ್ಟಿಲು ತೂಗಿತು. ಊಟಕ್ಕೆ ಕೂತ ಬೀಗಿತಿ ನೀರು ಕುಡಿದು ತಲೆದೂಗಿದರು.

"ನೀರು ಭಾಳ ಛಲೋ ಅದಾವ. ಯಾವ ಬಾವೀವು?"

"ಎಮ್ಮೀವು," ಎಂದರು ನಮ್ಮ ಮನೆಯವರು.

ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಹೋಳಿಗೆ ಆರಿತು.

ಮುಂದಿನ ವಾರ ಮತ್ತೆ ಸಭೆ. ಈ ಸಲ ಚಾಪೆ ಸಾಲಲಿಲ್ಲ, ಅರವತ್ತು ಮನೆಯವರೂ ಬಂದಿದ್ದರು. ಬಾವಿ ಬತ್ತಿದಾಗ ಎಲ್ಲರೂ ಮೆಂಬರರೇ. ನಾನು ಮೊಮ್ಮಗಳನ್ನು ಎತ್ತಿಕೊಂಡೇ ಹೋಗಿದ್ದೆ. ಎದ್ದು ನಿಂತು, ಮೂಗಿನ ಸುದ್ದಿ ತೆಗೆಯದೆ, "ತಪ್ಪು ನಂದ್ರಿ. ಮಾಸ್ತರಿಗಿ ಎಂಟು ದಿನಾ ಸ್ನಾನಾ ತಪ್ಪಿಸೀನಿ," ಎಂದು ಹೇಳಿ ಕುಳಿತೆ. ಬಸವ್ವನ ಗಂಡ ತಾನಾಗಿಯೇ ಎದ್ದು ಬಂದು, ಚೀಟಿಯನ್ನು ಮಾಸ್ತರರ ಮುಂದೆ ಇಟ್ಟ. ಅವನ ಹಿಂದೆ ಇನ್ನೂ ಹತ್ತಾರು ಚೀಟಿ ಬಂದವು.

ಮಾಸ್ತರರು ಹೊಸ ಠರಾವು ಓದಿದರು. ಹಸಿ ಬಾಣಂತಿಗೆ ನೀರಿನ ಸವಲತ್ತು ಇರತಕ್ಕದ್ದು. ಆದರೆ ಇನ್ನು ಮುಂದೆ ಕೂಸಿನ ಮುಖ ನೋಡದೆ, ಹುಟ್ಟಿದ ದಿನದ ದಾಖಲೆಯನ್ನಷ್ಟೇ ನೋಡತಕ್ಕದ್ದು. ನೋಡುವ ಕೆಲಸವನ್ನು ನೀಲವ್ವನವರಿಂದ ತೆಗೆದು, ಮದುವೆಯಾಗದ ಕಾರಕೂನ ವಾಮನರಾಯರಿಗೆ ಒಪ್ಪಿಸತಕ್ಕದ್ದು.

"ಸಮ್ಮತಿ ಇದ್ದವರು ಕೈ ಎತ್ರಿ."

ಕೈಗಳು ಎದ್ದವು. ಮಾಸ್ತರರು ಎಣಿಸಿದರು. ನಮ್ಮ ಮನೆಯ ಕೈ ಮಾತ್ರ ಎದ್ದಿರಲಿಲ್ಲ. ತಪ್ಪು ಒಪ್ಪಿಕೊಂಡಿದ್ದೆ ನಿಜ, ಆದರೆ ಅಧ್ಯಕ್ಷತೆ ಬಿಡುವುದು ಬೇರೆ ಮಾತು.

ಆಗ ತೊಡೆಯ ಮೇಲೆ ಮಲಗಿದ್ದ ಮೊಮ್ಮಗಳು ಮೈ ಮುರಿದು, ದುಪ್ಪಟಿಯಿಂದ ಒಂದು ಮುಷ್ಟಿಯನ್ನು ಬಿಡಿಸಿಕೊಂಡು ನೆಟ್ಟಗೆ ಮೇಲಕ್ಕೆತ್ತಿದಳು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ನೋಡಿ, "ಅರವತ್ತು, ಸರ್ವಾನುಮತ," ಎಂದು ಬರೆದುಕೊಂಡರು.

ನಾನು ತಕರಾರು ಎತ್ತಬೇಕಾಗಿತ್ತು. ಆದರೆ ಆ ಮುಷ್ಟಿ ಎಷ್ಟು ಚೆಂದ ಕಂಡಿತೆಂದರೆ, ಪಕ್ಕದವರಿಗೆ ಅದನ್ನು ತೋರಿಸುವುದರಲ್ಲಿಯೇ ನನ್ನ ಅಧ್ಯಕ್ಷತೆ ಹೋಯಿತು.